ಪಿಸ್ಸಾರೊನ ಹೊಲದಲ್ಲಿ ದುಡಿಯುವವರು



ಇಂಪ್ರೆಷನಿಸ್ಟ್ ಚಿತ್ರಗಳೆಂದರೆ ನಮಗೆ ಮೊದಲು ನೆನಪಾಗುವುದು ನೈದಿಲೆಯ ಕೊಳ, ಸೇನ್ ನದಿಯ ದೋಣಿ ವಿಹಾರ, ಕೊಡೆ ಹಿಡಿದು ದಿಬ್ಬದ ಮೇಲೆ ನಿಂತ ಹೆಂಗಸು, ಮರದಡಿಯ ಊಟ, ಕುಣಿತ. ಕ್ಯಾಲೆಂಡರುಗಳೂ ಪುಸ್ತಕದ ಹೊದಿಕೆಗಳೂ ನಮಗೆ ಪರಿಚಯ ಮಾಡಿಕೊಟ್ಟ ಇಂಪ್ರೆಷನಿಸಂ ಅದು. ಬಿಡುವಿದ್ದವರ ಬಿಸಿಲು. ಅದೇ ಬಳಗದಲ್ಲಿದ್ದುಕೊಂಡು ಅದೇ ಬಿಸಿಲನ್ನು ಆಲೂಗಡ್ಡೆ ಅಗೆಯುವವರ ಬೆನ್ನ ಮೇಲೆ, ಸೌದೆ ಹೊತ್ತವನ ಹೆಗಲ ಮೇಲೆ, ಕೋಸಿನ ಸಾಲುಗಳ ಮೇಲೆ ಕಂಡ ಕಲಾವಿದನೊಬ್ಬನಿದ್ದ. ಅವನೇ ಕಾಮೀಯ್ ಪಿಸ್ಸಾರೊ. 1874ರಿಂದ 1886ರವರೆಗೆ ಆ ಬಳಗ ನಡೆಸಿದ ಎಂಟು ಪ್ರದರ್ಶನಗಳಲ್ಲಿ ಎಂಟಕ್ಕೂ ಚಿತ್ರ ಕೊಟ್ಟವನು ಅವನೊಬ್ಬನೇ. ಮೊನೆ ನಡುವೆ ದೂರ ಉಳಿದ, ರೆನ್ವಾ ದೂರ ಉಳಿದ, ಸೆಜಾನ್ ಎರಡರಲ್ಲಿ ಮಾತ್ರ ಭಾಗವಹಿಸಿದ. ಆದರೂ ಅವರ ಹೆಸರು ಗೊತ್ತಿರುವಷ್ಟು ಜನಕ್ಕೆ ಪಿಸ್ಸಾರೊನ ಹೆಸರು ಗೊತ್ತಿಲ್ಲ.

ನಾನು ಇಲ್ಲಿ ಮುಂದಿಡುವ ಮಾತು ಒಂದೇ. ಹೊಲದಲ್ಲಿ ದುಡಿಯುವವರನ್ನು ಚಿತ್ರಿಸಿದವರು ಪಿಸ್ಸಾರೊನಿಗಿಂತ ಮುಂಚೆಯೂ ಇದ್ದರು, ಅವನ ಕಾಲದಲ್ಲೂ ಬೇಕಾದಷ್ಟು ಜನ ಇದ್ದರು. ಅವರಲ್ಲಿ ಹೆಚ್ಚಿನವರು ದುಡಿಯುವವರನ್ನು ಪೂಜೆಗೆ ಕೂರಿಸಿದರು, ಇಲ್ಲವೇ ಕನಿಕರಕ್ಕೆ ಗುರಿಮಾಡಿದರು. ಪಿಸ್ಸಾರೊ ಮಣ್ಣಿಗೆ, ಕೋಸಿಗೆ, ಕೂಲಿಯವನಿಗೆ ಒಂದೇ ಗಮನವನ್ನು, ಒಂದೇ ತರದ ಕುಂಚವನ್ನು ಕೊಟ್ಟ. ಅವನ ಸಮಾನತೆಯ ನಂಬಿಕೆ ಚಿತ್ರದ ವಸ್ತುವಿಗಿಂತ ಹೆಚ್ಚಾಗಿ ಬಣ್ಣ ಹಚ್ಚಿದ ರೀತಿಯಲ್ಲೇ ಕಾಣಸಿಗುತ್ತದೆ.

ಅವನು ಹಳ್ಳಿಯವನಲ್ಲ, ಹುಟ್ಟಿದ್ದು ಫ್ರಾನ್ಸಿನಲ್ಲೂ ಅಲ್ಲ. 1830ರ ಜುಲೈ 10ರಂದು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ, ಒಂದು ಯಹೂದಿ ವ್ಯಾಪಾರಿ ಕುಟುಂಬದಲ್ಲಿ ಹುಟ್ಟಿದ. ದ್ವೀಪ ಆಗ ಡೆನ್ಮಾರ್ಕಿನ ಆಳ್ವಿಕೆಯಲ್ಲಿತ್ತು. ಹನ್ನೆರಡರ ವಯಸ್ಸಿಗೆ ಪ್ಯಾರಿಸ್ಸಿನ ಹತ್ತಿರದ ಶಾಲೆಗೆ ಹೋಗಿ, ಹದಿನೇಳಕ್ಕೆ ಮರಳಿ ಬಂದು, ಅಪ್ಪನ ವ್ಯಾಪಾರದಲ್ಲಿ ಬಂದರಿನ ಸರಕು ಲೆಕ್ಕ ಬರೆಯುವ ಕೆಲಸಕ್ಕೆ ಕೂತ. ಬಿಡುವಾದಾಗಲೆಲ್ಲ ಚಿತ್ರ ಬಿಡಿಸುತ್ತಿದ್ದ. ಆ ದ್ವೀಪಗಳಲ್ಲಿ ಗುಲಾಮಗಿರಿ ರದ್ದಾದದ್ದು 1848ರಲ್ಲಿ. ಪಿಸ್ಸಾರೊ ಆಗ ಅಲ್ಲೇ ಇದ್ದ, ಹದಿನೆಂಟು ತುಂಬುತ್ತಿದ್ದ ಹುಡುಗ. ಪ್ಯಾರಿಸ್ಸಿಗೆ ಬಂದು ನೆಲೆಸಿದ ಮರುವರ್ಷ, 1856ರಲ್ಲಿ, ನೆನಪಿನಿಂದ ಬರೆದ ಒಂದು ಚಿತ್ರವಿದೆ: ಸಮುದ್ರದ ಅಂಚಿನ ದಾರಿಯಲ್ಲಿ ಇಬ್ಬರು ಕಪ್ಪು ಹೆಂಗಸರು ನಿಂತು ಮಾತಾಡುತ್ತಿದ್ದಾರೆ. ಈಗ ಅದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ದುಡಿಯುವ ಜನ ದುಡಿಮೆಯ ನಡುವೆ ತಮ್ಮದಾಗಿಸಿಕೊಂಡ ಒಂದು ಗಳಿಗೆ ಅದು. ಮುಂದಿನ ನಲವತ್ತೇಳು ವರ್ಷ ಅವನು ಮತ್ತೆ ಮತ್ತೆ ಹುಡುಕಿಕೊಂಡು ಹೋದದ್ದು ಇಂಥ ಗಳಿಗೆಗಳನ್ನೇ.

ಪ್ಯಾರಿಸ್ಸಿನಲ್ಲಿ ಕೊರೊ ಎಂಬ ಹಿರಿಯ ಚಿತ್ರಕಾರನ ನಿಸರ್ಗ ಚಿತ್ರಗಳು ಅವನನ್ನು ಹಿಡಿದವು. 1860ರ ದಶಕದ ಕೊನೆಯಲ್ಲಿ ಪೊಂತ್ವಾಜ್ ಎಂಬ ಊರಿಗೆ ಹೋಗಿ ನೆಲೆಸಿದ. ಪ್ಯಾರಿಸ್ಸಿಗೆ ಸುಮಾರು ಮೂವತ್ತು ಕಿಲೋಮೀಟರ್. ಸುತ್ತಲೂ ತರಕಾರಿ ತೋಟ, ಆಮೇಲೆ ಹೊಲ. ನಡುವೆ 1870ರ ಫ್ರಾನ್ಸ್-ಪ್ರಷ್ಯ ಯುದ್ಧ ಬಂತು. ಅಷ್ಟರಲ್ಲಿ ಅವನು ಲೂವ್ಸಿಯೆನ್ ಎಂಬ ಇನ್ನೊಂದು ಊರಿಗೆ ಮನೆ ಬದಲಾಯಿಸಿದ್ದ. ಕುಟುಂಬ ಲಂಡನ್ನಿಗೆ ಓಡಿಹೋಗಬೇಕಾಯಿತು, ಮನೆಯಲ್ಲಿ ಪ್ರಷ್ಯದ ಸೈನಿಕರು ಬೀಡುಬಿಟ್ಟರು. ತೋಟದ ಕೆಸರಿನಲ್ಲಿ ಕಾಲಿಡಲು ಅವರು ಅವನ ಕ್ಯಾನ್ವಾಸುಗಳನ್ನು ಹಾಸಿಕೊಂಡರು. ಇಪ್ಪತ್ತು ವರ್ಷದ ಸುಮಾರು ಒಂದೂವರೆ ಸಾವಿರ ಚಿತ್ರಗಳಲ್ಲಿ ಉಳಿದದ್ದು ನಲವತ್ತರಷ್ಟು. ನಲವತ್ತೊಂದರ ವಯಸ್ಸಿಗೆ ಅವನು ಮೊದಲಿನಿಂದ ಶುರುಮಾಡಿದ.

ಹಾಗೆ ಶುರುಮಾಡಿದ ಮೇಲೆ ಬರೆದ ಒಂದು ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೆಸರು ‘ಹೆಪ್ಪುಗಟ್ಟಿದ ಇಬ್ಬನಿ’, ವರ್ಷ 1873, ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಚಳಿಗಾಲದ ಬೆಳಗ್ಗೆ, ಉತ್ತ ಹೊಲ. ಓರೆಯಾಗಿ ಸಾಗಿದ ಸಾಲುಗಳು. ಎಡಕ್ಕೆ, ದಾರಿಯಲ್ಲಿ, ಬೆನ್ನಿಗೆ ಸೌದೆ ಹೊರೆ ಕಟ್ಟಿಕೊಂಡು ಕೋಲೂರಿ ಬರುತ್ತಿರುವ ಒಬ್ಬ ಮನುಷ್ಯ. ನೋಡಿದ ಕೂಡಲೇ ಗಮನ ಸೆಳೆಯುವವನಲ್ಲ ಅವನು. ಹೊಲದ ಉದ್ದಕ್ಕೂ ನೇಗಿಲ ಸಾಲುಗಳನ್ನು ಅಡ್ಡ ಕತ್ತರಿಸಿಕೊಂಡು ನೀಳ ನೆರಳುಗಳು ಬಿದ್ದಿವೆ. ಆ ನೆರಳಿನ ಮರಗಳು ಮಾತ್ರ ಚಿತ್ರದಲ್ಲಿಲ್ಲ. ಚೌಕಟ್ಟಿನ ಆಚೆ, ನೋಡುವವನ ಬೆನ್ನ ಹಿಂದೆ ಎಲ್ಲೋ ಇವೆ. ಅಂದರೆ ಸೂರ್ಯನೂ ನಮ್ಮ ಹಿಂದೆಯೇ ಇದ್ದಾನೆ, ನಾವು ಅದೇ ಹೊಲದ ಚಳಿಯಲ್ಲಿ ನಿಂತಿದ್ದೇವೆ. ಹೊರೆ ಹೊತ್ತವನು ಚಿತ್ರದೊಳಗೂ ನೋಡುವವನು ಹೊರಗೂ ಉಳಿಯುವ ಸವಲತ್ತನ್ನು ಪಿಸ್ಸಾರೊ ನಮಗೆ ಕೊಡುವುದಿಲ್ಲ.

ಬಣ್ಣಕ್ಕೆ ಬನ್ನಿ. ಆ ನೆರಳುಗಳು ಕಪ್ಪಲ್ಲ, ಕಂದೂ ಅಲ್ಲ. ನೀಲಿ ಬೆರೆತಿವೆ. ಇದು ಕಲ್ಪನೆಯಲ್ಲ, ಕಣ್ಣಾರೆ ಕಂಡದ್ದು. ನೆರಳೆಂದರೆ ಸೂರ್ಯನ ನೇರ ಬೆಳಕು ತಪ್ಪಿದ ಜಾಗ ಅಷ್ಟೆ, ಅಲ್ಲಿಗೆ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ. ಆಕಾಶ ನೀಲಿಯಾದ್ದರಿಂದ ಆ ಬೆಳಕೂ ನೀಲಿ. ಪಕ್ಕದಲ್ಲಿ ಬೆಳಗಿನ ಹಳದಿ ಬಿಸಿಲು ಬಿದ್ದಿದ್ದರೆ ನಮ್ಮ ಕಣ್ಣಿಗೆ ಆ ನೀಲಿ ಇನ್ನಷ್ಟು ಗಾಢವಾಗಿ ತೋರುತ್ತದೆ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೀಗೆ ಏರಿಸುವುದನ್ನು ಶೆವ್ರೇಲ್ ಎಂಬ ರಸಾಯನ ವಿಜ್ಞಾನಿ 1839ರಲ್ಲೇ ವಿವರಿಸಿದ್ದ. ಆದರೆ ಸ್ಟುಡಿಯೋದಲ್ಲಿ ಕೂತು ಕಂದು ಬಣ್ಣದಿಂದ ನೆರಳು ಹಚ್ಚುತ್ತಿದ್ದವರಿಗೆ ಅದನ್ನು ನೋಡುವ ಅವಕಾಶವೇ ಇರಲಿಲ್ಲ. 1841ರಲ್ಲಿ ತವರದ ಟ್ಯೂಬು ಬಂದ ಮೇಲೆ ತೈಲವರ್ಣವನ್ನು ಚೀಲಕ್ಕೆ ಹಾಕಿಕೊಂಡು ಹೊಲಕ್ಕೆ ಹೋಗುವುದು ಸಾಧ್ಯವಾಯಿತು. ಹಾಗೆ ಹೊಲಕ್ಕೆ ಹೋದವನಿಗೆ ಬೆಳಕಿನ ಜೊತೆಗೆ ಅಲ್ಲಿ ಕೆಲಸ ಮಾಡುತ್ತಿದ್ದವರೂ ಕಂಡರು. ಎಲ್ಲರಿಗೂ ಕಾಣಲಿಲ್ಲ, ಪಿಸ್ಸಾರೊನಿಗೆ ಕಂಡರು.

ಈ ಚಿತ್ರ 1874ರ ಮೊದಲ ಪ್ರದರ್ಶನದಲ್ಲಿ, ನಾದಾರ್ ಎಂಬ ಛಾಯಾಗ್ರಾಹಕನ ಹಳೆಯ ಸ್ಟುಡಿಯೋದಲ್ಲಿ ತೂಗಿತ್ತು. ‘ಶಾರಿವಾರಿ’ ಪತ್ರಿಕೆಯ ಲೂಯಿ ಲೆರ್ವಾ, ಕೊಳಕು ಕ್ಯಾನ್ವಾಸಿನ ಮೇಲೆ ಪ್ಯಾಲೆಟ್ಟಿನ ಕೆರೆದ ಬಣ್ಣವನ್ನು ಬಳಿದಿಟ್ಟಿದ್ದಾನೆ ಎಂಬ ಅರ್ಥದಲ್ಲಿ ಬರೆದ. ‘ಇಂಪ್ರೆಷನಿಸ್ಟ್’ ಎಂಬ ಹೆಸರು ಹರಡಿದ್ದೂ ಅದೇ ಲೇಖನದಿಂದ. ಹೊಸಬರ ಬಗ್ಗೆ ಒಲವಿದ್ದ ವಿಮರ್ಶಕ ಕಾಸ್ತನ್ಯಾರಿಯೂ ಪಿಸ್ಸಾರೊನಿಗೆ ತರಕಾರಿ ತೋಟಗಳ ಮೇಲೆ ಅತಿಯಾದ ಮೋಹ, ಕೋಸನ್ನೂ ಬಿಡುವುದಿಲ್ಲ ಎಂದು ಆಕ್ಷೇಪಿಸಿದ. ಈ ಎರಡನೆಯ ಮಾತು ನನಗೆ ಹೆಚ್ಚು ಮುಖ್ಯ. ಲೆರ್ವಾನ ಸಿಟ್ಟು ಬಣ್ಣ ಹಚ್ಚಿದ ಬಗೆಯ ಮೇಲೆ. ಕಾಸ್ತನ್ಯಾರಿಯ ಮುಜುಗರವಾದರೋ ಯಾವುದು ಚಿತ್ರಕ್ಕೆ ಯೋಗ್ಯ ಎಂಬುದರದು. ಪೊಂತ್ವಾಜಿನ ಕೋಸು ಹೆಸರುವಾಸಿ. ಅದು ಬೆಳೆದು ಪ್ಯಾರಿಸ್ಸಿನ ಸಂತೆಗೆ ಹೋಗುತ್ತಿತ್ತು, ಊರಿನವರ ಅನ್ನ ಅದು. ಗೋಧಿ ಹೊಲಕ್ಕೆ ಕಾವ್ಯದ ಪರಂಪರೆಯಿತ್ತು, ಕೋಸಿಗೆ ಇರಲಿಲ್ಲ. ಅದನ್ನು ಬೆಳೆದವರಿಗೂ ಇರಲಿಲ್ಲ.

ಇಲ್ಲಿ ಮಿಲೆಯ ಮಾತು ಬರಲೇಬೇಕು. ಜಾನ್ ಫ್ರಾಂಸ್ವಾ ಮಿಲೆ ನಾರ್ಮಂಡಿಯ ರೈತ ಕುಟುಂಬದಿಂದ ಬಂದವನು. ಅವನ ‘ಬಿತ್ತುವವನು’, 1857ರ ‘ಹಕ್ಕಲಾಯುವ ಹೆಂಗಸರು’, ‘ಸಂಜೆಯ ಪ್ರಾರ್ಥನೆ’ ಇವುಗಳ ಅಚ್ಚುಗಳನ್ನು ನಮ್ಮಲ್ಲಿ ಅನೇಕರು ನೋಡಿರುತ್ತೀರಿ. ಹಕ್ಕಲಾಯುವ ಮೂವರು ಹೆಂಗಸರು ಮುಂದೆ, ಬಾಗಿದ್ದಾರೆ. ಹಿಂದೆ ದೂರದಲ್ಲಿ, ಬೆಳಕಿನಲ್ಲಿ, ಬೆಳೆಯ ರಾಶಿ, ಕುದುರೆ ಮೇಲೆ ಮೇಲ್ವಿಚಾರಕ. ಇದು ಬಹಳ ದೊಡ್ಡ ಚಿತ್ರ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಮಿಲೆ ಇಲ್ಲದಿದ್ದರೆ ಪಿಸ್ಸಾರೊನೂ ಇರುತ್ತಿರಲಿಲ್ಲವೇನೋ. ಆದರೆ ‘ಬಿತ್ತುವವನು’ ನೋಡಿ, ‘ಸಂಜೆಯ ಪ್ರಾರ್ಥನೆ’ ನೋಡಿ. ಮನುಷ್ಯ ನೆಲದಿಂದೆದ್ದು ಆಕಾಶಕ್ಕೆ ಎದುರಾಗಿ ನಿಲ್ಲುತ್ತಾನೆ, ವಿಗ್ರಹವಾಗುತ್ತಾನೆ. ನೋಡುವವರು ಕೈಮುಗಿಯಬೇಕೆನಿಸುತ್ತದೆ. 1887ರಲ್ಲಿ ಪ್ಯಾರಿಸ್ಸಿನ ಮಿಲೆ ಪ್ರದರ್ಶನದಲ್ಲಿ ಪರಿಚಯದವನೊಬ್ಬ ಕಣ್ಣೀರು ಹಾಕಿಕೊಂಡು ಪಿಸ್ಸಾರೊನಿಗೆ ಎದುರಾದ. ಮನೆಯಲ್ಲಿ ಸಾವೇನಾದರೂ ಆಯಿತೇ ಎಂದುಕೊಂಡರೆ, ಕಾರಣ ‘ಸಂಜೆಯ ಪ್ರಾರ್ಥನೆ’. ಪಿಸ್ಸಾರೊ ಇದನ್ನು ಮಗನಿಗೆ ಬರೆದ ಪತ್ರದಲ್ಲಿ ಬೇಸರದಿಂದ ಹೇಳಿಕೊಂಡಿದ್ದಾನೆ. ಎರಡು ವರ್ಷದ ಮೇಲೆ ಅದೇ ಚಿತ್ರ ಹರಾಜಿನಲ್ಲಿ 553000 ಫ್ರಾಂಕಿಗೆ ಹೋಯಿತು. ಹೊಲದಲ್ಲಿ ಬೆನ್ನು ಬಾಗಿಸುವವರ ಚಿತ್ರಕ್ಕೆ ಅಷ್ಟು ಹಣ ಸುರಿದ ಸಮಾಜ ಹೊಲದ ಕೂಲಿಯನ್ನು ಏರಿಸಲಿಲ್ಲ. ಕಣ್ಣೀರು ಅಲ್ಲಿಗೇ ಮುಗಿಯಿತು. ಪಿಸ್ಸಾರೊನಿಗೆ ಮಿಲೆಯ ಜೊತೆ ಇದ್ದ ತಕರಾರು ಇದೇ ಎಂದು ನಾನು ತಿಳಿದಿದ್ದೇನೆ.

ಅವನು ಕೊಟ್ಟ ಉತ್ತರ 1880ರ ಸುಮಾರಿನಿಂದ ಕಾಣತೊಡಗುತ್ತದೆ. ಅಲ್ಲಿಯವರೆಗೆ ದಾರಿಯಲ್ಲಿ ಚಿಕ್ಕದಾಗಿ ಕಾಣುತ್ತಿದ್ದ ಜನ ಈಗ ಕ್ಯಾನ್ವಾಸನ್ನು ತುಂಬುತ್ತಾರೆ. 1881ರ ‘ಕೋಲು ಹಿಡಿದ ಹುಡುಗಿ’ ಓರ್ಸೆಯಲ್ಲಿದೆ. ಹಳ್ಳಿಯ ಹುಡುಗಿಯೊಬ್ಬಳು ಹುಲ್ಲಿನ ಇಳಿಜಾರಿನಲ್ಲಿ ಕೂತಿದ್ದಾಳೆ. ಕೈಯಲ್ಲೊಂದು ಕಡ್ಡಿಯಂಥ ಕೋಲು. ಏನನ್ನೋ ಯೋಚಿಸುತ್ತಿದ್ದಾಳೆ, ಅಥವಾ ಏನನ್ನೂ ಯೋಚಿಸುತ್ತಿಲ್ಲ. ಚಿತ್ರದಲ್ಲಿ ಆಕಾಶವಿಲ್ಲ. ಹುಲ್ಲಿನ ಹಸಿರು ಮೇಲಿನ ಅಂಚಿನವರೆಗೂ ಹರಡಿದೆ, ಅವಳು ಅದರ ಒಳಗಿದ್ದಾಳೆ. ಅವಳ ಬಟ್ಟೆಯನ್ನೂ ಹುಲ್ಲನ್ನೂ ಬಿಡಿಸಿರುವುದು ಒಂದೇ ತರದ ಸಣ್ಣ ಸಣ್ಣ ಗೀರುಗಳಿಂದ, ಕೌದಿಯ ಹೊಲಿಗೆಯ ಹಾಗೆ. ಮುಖಕ್ಕೆ ನಯವಾದ ಕುಂಚ, ಹಿನ್ನೆಲೆಗೆ ಒರಟು ಕುಂಚ ಎಂಬ ಪಂಕ್ತಿಭೇದ ಇಲ್ಲಿಲ್ಲ. ಸಲೂನ್ ಎಂಬ ದೊಡ್ಡ ವಾರ್ಷಿಕ ಪ್ರದರ್ಶನದ ಚಿತ್ರಕಾರರು ಹಳ್ಳಿ ಹುಡುಗಿಯರ ಮುಖಕ್ಕೆ ಅಮೃತಶಿಲೆಯ ಹೊಳಪು ಕೊಟ್ಟು, ಕಾಲಿನ ಮಣ್ಣನ್ನು ಮಾತ್ರ ಅಂದವಾಗಿ ಉಳಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಅದೇ ವರ್ಷದ ಇನ್ನೊಂದರಲ್ಲಿ ರೈತ ಹುಡುಗಿಯೊಬ್ಬಳು ಕಿಟಕಿಯ ಪಕ್ಕ ಕೂತು ಹಾಲು ಬೆರೆಸಿದ ಕಾಫಿ ಕುಡಿಯುತ್ತಾಳೆ. ಮರುವರ್ಷದ್ದರಲ್ಲಿ ಮನೆಗೆಲಸದವಳು ನೆಲ ಗುಡಿಸುತ್ತಾಳೆ. ಸೌದೆ ಕೊಯ್ಯುವ ಮುದುಕ, ಬಾವಿಯ ಬಳಿ ನಿಂತ ತಾಯಿ ಮಗು, ಸಂತೆಯಲ್ಲಿ ಕೋಳಿ ಮಾರುವವರು, ಹುಲ್ಲು ಕೊಯ್ದು ದಣಿವಾರಿಸಿಕೊಳ್ಳುವವರು. ಕೆಲಸ ಎಷ್ಟು ಇದೆಯೋ ಕೆಲಸ ನಿಲ್ಲಿಸಿ ಕೂತ ಹೊತ್ತೂ ಅಷ್ಟೇ ಇದೆ. ದುಡಿಯುವವರು ಕೂತಿದ್ದರೆ ಸೋಮಾರಿಗಳೆಂದು ಕಾಣುವ ಕಣ್ಣು ಎಲ್ಲ ಕಾಲದ ಯಜಮಾನರಿಗೂ ಇರುತ್ತದೆ. ಪಿಸ್ಸಾರೊ ಆ ಕೂತ ಹೊತ್ತನ್ನು ಅವರ ಹಕ್ಕೆಂದು ಬಗೆದು ಚಿತ್ರಿಸಿದ.

1884ರಲ್ಲಿ ಅವನು ಎಪ್ಟ್ ನದಿಯ ದಂಡೆಯ ಎರಾನ್ಯಿ ಎಂಬ ಹಳ್ಳಿಗೆ ಹೋದ. ಅದೇ ನದಿಯಲ್ಲಿ ಕೆಳಗೆ ಹೋದರೆ ಮೊನೆಯ ಜಿವರ್ನಿ. ಪಿಸ್ಸಾರೊ ಬಾಡಿಗೆಗಿದ್ದ ಮನೆಯನ್ನು 1892ರಲ್ಲಿ ಕೊಳ್ಳಲು ಸಾಲ ಕೊಟ್ಟವನೂ ಮೊನೆಯೇ, 15000 ಫ್ರಾಂಕು. ಇಬ್ಬರೂ ಒಳ್ಳೆಯ ಗೆಳೆಯರು. ಮೊನೆ 1890-91ರಲ್ಲಿ ತನ್ನ ಮನೆಯ ಹತ್ತಿರದ ಹೊಲದ ಬಣವೆಗಳನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಬರೆದ. ಬೆಳಗ್ಗೆ, ಸಂಜೆ, ಹಿಮದಲ್ಲಿ, ಮಂಜಿನಲ್ಲಿ. ಬಣ್ಣದ ಲೋಕದಲ್ಲಿ ಅವಕ್ಕೆ ಸಾಟಿಯಿಲ್ಲ. ಆದರೆ ಆ ಬಣವೆಗಳನ್ನು ಒಟ್ಟಿದವರು ಆ ಚಿತ್ರಗಳಲ್ಲಿಲ್ಲ. ಬಣವೆ ತಾನಾಗಿ ನೆಲದಿಂದ ಎದ್ದು ಬೆಳಕಿಗಾಗಿ ಕಾದು ನಿಂತಂತಿದೆ. ಬಣವೆ ಒಟ್ಟುವುದು ಎಷ್ಟು ನುರಿತ ಕೈಯ ಕೆಲಸ, ಮಳೆನೀರು ಒಳಗಿಳಿಯದ ಹಾಗೆ ನೆತ್ತಿ ಕಟ್ಟುವುದಕ್ಕೆ ಎಷ್ಟು ವರ್ಷದ ಅನುಭವ ಬೇಕು ಎಂಬುದು ಇಲ್ಲಿ ಕೂತಿರುವ ರೈತರ ಮಕ್ಕಳಿಗೆ ಗೊತ್ತು. ಪಿಸ್ಸಾರೊನ ಎರಾನ್ಯಿಯ ಹುಲ್ಲುಗಾವಲಿನಲ್ಲಿ ಆ ಕೈಗಳಿವೆ. ಕವೆಗೋಲು ಹಿಡಿದು ಹುಲ್ಲು ಎತ್ತುವವರು, ರಾಶಿ ಮಾಡುವವರು, ಒಬ್ಬರ ಪಕ್ಕ ಒಬ್ಬರು. ನ್ಯಾಯವಾಗಿ ಹೇಳಬೇಕೆಂದರೆ ಅದೇ ಬಳಗದ ಡೆಗಾ ಇಸ್ತ್ರಿ ಹಾಕುವ ಹೆಂಗಸರನ್ನು ಬರೆದ, ಕಯ್‌ಬೊತ್ 1875ರಲ್ಲಿ ಮರದ ನೆಲ ಹೆರೆಯುವ ಕೆಲಸಗಾರರನ್ನು ಬರೆದ. ಅವೆರಡೂ ಊರೊಳಗಿನ, ಗೋಡೆಯೊಳಗಿನ ದುಡಿಮೆ. ಬಯಲ ಬಿಸಿಲನ್ನೂ ಬಯಲ ದುಡಿಮೆಯನ್ನೂ ಜೀವಮಾನವಿಡೀ ಒಟ್ಟಿಗೆ ಹಿಡಿದವನು ಪಿಸ್ಸಾರೊ.

ಎರಾನ್ಯಿಯ ಮೊದಲ ವರ್ಷಗಳಲ್ಲಿ ಅವನು ಚುಕ್ಕಿಗಳ ಪದ್ಧತಿಗೆ ಹೊರಳಿದ. ಆ ಪದ್ಧತಿಯನ್ನು ಕಟ್ಟಿದ ಸ್ಯೂರಾ ಅವನಿಗಿಂತ ಇಪ್ಪತ್ತೊಂಬತ್ತು ವರ್ಷ ಚಿಕ್ಕವನು. ಐವತ್ತೈದರ ಹಿರಿಯ ಆ ಹುಡುಗನಿಂದ ಕಲಿತ. 1888ರ ‘ಸೇಬಿನ ಕೊಯ್ಲು’ ಆ ಕಾಲದ್ದು: ಒಂದು ಸೇಬಿನ ಮರ, ಅದರಡಿ ದುಂಡನೆಯ ನೆರಳು, ನೆರಳಲ್ಲಿ ಹಣ್ಣು ಉದುರಿಸುವವರು, ಬಗ್ಗಿ ಆಯುವವರು. ಮರುವರ್ಷ ಮಿಲೆಯ ವಿಷಯವನ್ನೇ ಎತ್ತಿಕೊಂಡು ತನ್ನ ‘ಹಕ್ಕಲಾಯುವ ಹೆಂಗಸರು’ ಮುಗಿಸಿದ. ಬಯಲಿಗೆಲ್ಲ ಬಿಸಿಲು, ಹೆಂಗಸರು ಅಲ್ಲಲ್ಲಿ ಚದುರಿದ್ದಾರೆ, ಯಾರೂ ವಿಗ್ರಹವಾಗಿಲ್ಲ. ಚುಕ್ಕಿ ಇಡುವ ಕೆಲಸ ಬಹಳ ನಿಧಾನ, ಚಿತ್ರಗಳು ಮಾರಾಟವಾಗುವುದೂ ಕಷ್ಟವಾಯಿತು. 1890ರ ಹೊತ್ತಿಗೆ ಆ ಪದ್ಧತಿ ಬಿಟ್ಟ.

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಎದ್ದಿರುವ ಪ್ರಶ್ನೆಗೆ ಬರುತ್ತೇನೆ. ಬಿಸಿಲು ನೋಡುವವನಿಗೆ ಚೆಂದ, ಅದರಲ್ಲಿ ಕಳೆ ಕೀಳುವವನಿಗೆ ಏನು? ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ನಿಂತವರಿಗೆ ಈ ಚಿತ್ರಗಳ ಸಂತೋಷ ಪರಕೀಯ ಎನಿಸಬಹುದು. ಉತ್ತರ ಫ್ರಾನ್ಸಿನ ಬಿಸಿಲು ಬೇರೆ. ವರ್ಷದ ಬಹುಪಾಲು ಮೋಡ ಕವಿದ ಆ ನಾಡಿನಲ್ಲಿ ಜುಲೈ ತಿಂಗಳ ಒಣ ಹವೆ ಹುಲ್ಲು ಕೊಯ್ಯುವವನಿಗೇ ಮೊದಲು ಬೇಕಾದದ್ದು. ಹುಲ್ಲು ನೆಂದರೆ ಚಳಿಗಾಲಕ್ಕೆ ದನಗಳಿಗೆ ಮೇವಿಲ್ಲ. ಅಲ್ಲಿ ಬಿಸಿಲು ಚಿತ್ರಕಾರನಿಗೂ ಕೂಲಿಯವನಿಗೂ ಏಕಕಾಲಕ್ಕೆ ಒದಗುವ ಭಾಗ್ಯ. ನಮ್ಮ ಚಿತ್ರಕಾರರಲ್ಲಿ, ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಯಲಲ್ಲೇ ನಿಂತು ಬರೆದ ರುಮಾಲೆ ಚೆನ್ನಬಸವಯ್ಯನವರಾಗಲಿ, ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನಲ್ಲಿ ಕಲಿತು ಬಂದ ಕೆ. ಕೆ. ಹೆಬ್ಬಾರರಾಗಲಿ ಆ ಬೆಳಕನ್ನು ಎತ್ತಿ ತಂದು ಇಲ್ಲಿ ಇಡಲಿಲ್ಲ. ಇಲ್ಲಿಯ ಬೆಳಕನ್ನು ಇಲ್ಲಿಯೇ ಹುಡುಕಿಕೊಂಡರು.

ಇನ್ನೂ ಗಟ್ಟಿಯಾದ ಪ್ರಶ್ನೆ ಬೇರೆ ಇದೆ. ಹೊಲದಲ್ಲಿ ದುಡಿಯದವನು ದುಡಿಯುವವರನ್ನು ಚಿತ್ರಿಸಬಹುದೇ? ದಲಿತ ಬಂಡಾಯ ಸಾಹಿತ್ಯದ ಕಾಲದಿಂದ ಕನ್ನಡದಲ್ಲಿ ನಾವು ಕೇಳಿಕೊಂಡು ಬಂದಿರುವ ಪ್ರಶ್ನೆ ಇದು. ಪಿಸ್ಸಾರೊನಿಗೂ ಇದು ಎದುರಾಗಿತ್ತು. ಅರಾಜಕತಾವಾದಿ ಚಿಂತಕ ಕ್ರೊಪೊಟ್ಕಿನ್, ರೈತರನ್ನು ಅರಿಯಬೇಕಾದರೆ ರೈತನಾಗಿಯೇ ಬಾಳಬೇಕು ಎಂಬ ನಿಲುವಿನವನು. ಅವನ ಬರಹಗಳನ್ನು ಪಿಸ್ಸಾರೊ ಆಸ್ಥೆಯಿಂದ ಓದಿದ್ದ, ಆದರೆ ಈ ಮಾತನ್ನು ಒಪ್ಪಲಿಲ್ಲ. ವಸ್ತು ನಮ್ಮನ್ನು ಪೂರ್ತಿ ಸೆಳೆದುಕೊಳ್ಳಬೇಕು, ಕಲಾವಿದನಿಗೆ ಅನುಭವಿಸುವ ಶಕ್ತಿ ಇದ್ದರೆ ರೈತನಾಗದೆಯೂ ಹೊಲವನ್ನು ಅರಿಯಬಹುದು ಎಂದು ವಾದಿಸಿದ. ಈ ಉತ್ತರ ಪೂರ್ತಿ ಸಾಲದು ಎಂದು ನನಗನಿಸುತ್ತದೆ. ಅವನ ವಾದಕ್ಕಿಂತ ಅವನ ಮನೆ ಹೆಚ್ಚು ಬಲವಾದ ಉತ್ತರ. ಹೆಂಡತಿ ಜ್ಯೂಲಿ ವೆಲೆ ಬರ್ಗಂಡಿಯ ದ್ರಾಕ್ಷಿ ಬೆಳೆಗಾರನ ಮಗಳು, ಅವನ ತಾಯಿಯ ಮನೆಯಲ್ಲಿ ಕೆಲಸಕ್ಕಿದ್ದವಳು. ಮನೆಯವರ ವಿರೋಧದ ನಡುವೆ ಅವಳ ಜೊತೆ ಬದುಕು ಕಟ್ಟಿದ. ಎಂಟು ಮಕ್ಕಳು. ಚಿತ್ರಗಳು ಮಾರಾಟವಾಗದ ವರ್ಷಗಳಲ್ಲಿ ಆ ಮನೆ ಉಂಡದ್ದು ಜ್ಯೂಲಿ ಅಗೆದು ಬೆಳೆದ ತರಕಾರಿ, ಸಾಕಿದ ಕೋಳಿ ಮೊಲ. ಅವನು ಚಿತ್ರಿಸಿದ ಬೆನ್ನುಗಳಲ್ಲೊಂದು ಪ್ರತಿದಿನ ಮನೆಯ ಹಿತ್ತಲಲ್ಲಿ ಬಾಗುತ್ತಿತ್ತು. ಆ ದುಡಿಮೆಯ ಮೇಲೆ ತಾನು ಕುಂಚ ಹಿಡಿದು ನಿಂತಿದ್ದೇನೆಂಬುದು ಅವನಿಗೆ ತಿಳಿದಿತ್ತು.

ಬಡತನದ ಮೇಲಿನ ಸಿಟ್ಟು ಅವನಲ್ಲಿ ಇರಲಿಲ್ಲವೆಂದಲ್ಲ. ಅರಾಜಕತಾವಾದಿ ಪತ್ರಿಕೆಗಳಿಗೆ ಹಣ ಕೊಟ್ಟ, ಚಿತ್ರ ಬರೆದುಕೊಟ್ಟ. 1889-90ರಲ್ಲಿ ‘ಸಮಾಜದ ಹೀನಕೃತ್ಯಗಳು’ ಎಂಬ ಅರ್ಥದ ಹೆಸರಿಟ್ಟು ಲಂಡನ್ನಿನಲ್ಲಿದ್ದ ಸೋದರ ಸೊಸೆಯರಿಗೆಂದು 28 ರೇಖಾಚಿತ್ರಗಳ ಆಲ್ಬಂ ಮಾಡಿದ. ಅದರಲ್ಲಿ ಪಟ್ಟಣದ ಹಸಿವು, ಶೋಷಣೆ, ಆತ್ಮಹತ್ಯೆ ಎಲ್ಲವೂ ಇವೆ, ಮಸಿಯಲ್ಲಿ. ಅದು ಮಾರಾಟಕ್ಕಲ್ಲ, ಮನೆಯ ಎಳೆಯರಿಗೆ ಲೋಕ ತಿಳಿಸಲು. ಪಟ್ಟಣದ ಸಿಟ್ಟನ್ನು ಮಸಿಗೆ ಕೊಟ್ಟವನು, ಹಳ್ಳಿಗೆ ಬಣ್ಣವನ್ನು ಕೊಟ್ಟ. ಜನ ಒಟ್ಟಿಗೆ ದುಡಿದು ಒಟ್ಟಿಗೆ ಕೂತು ಉಣ್ಣುವ ಬಾಳು ಹೇಗಿರಬಹುದು ಎಂಬ ಅವನ ನಿರೀಕ್ಷೆ ಆ ಬಣ್ಣಗಳಲ್ಲಿದೆ. ಹಾಗಾಗಿ ಅವನ ಹಳ್ಳಿ ಕೊಂಚ ಹಸನಾಗಿ ಕಾಣುವುದು ನಿಜ. ಸಾಲ, ಗೇಣಿ, ಊರು ಬಿಟ್ಟು ಪಟ್ಟಣಕ್ಕೆ ಹೋಗುವವರ ಸಾಲು ಇವೆಲ್ಲ ಅವನ ಹೊಲಗಳಲ್ಲಿ ಕಾಣುವುದಿಲ್ಲ. ಆ ಕೊರತೆಯನ್ನು ಒಪ್ಪಿಕೊಂಡೇ ನಾನು ಅವನನ್ನು ಮೆಚ್ಚುತ್ತೇನೆ.

ಪಿಸ್ಸಾರೊ 1903ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಕಣ್ಣಿನ ಬೇನೆಯಿಂದ ಗಾಳಿ ಧೂಳಿಗೆ ನಿಲ್ಲಲಾಗದೆ ಹೋಟೆಲಿನ ಕಿಟಕಿಗಳಿಂದ ರೂವಾಂ, ಪ್ಯಾರಿಸ್‌ಗಳ ಬೀದಿ, ಸೇತುವೆ, ಬಂದರುಗಳನ್ನು ಬರೆದ. ಮೂರು ವರ್ಷದ ಮೇಲೆ ಸೆಜಾನ್ ತನ್ನೂರಿನ ಪ್ರದರ್ಶನದ ಪಟ್ಟಿಯಲ್ಲಿ ತನ್ನ ಹೆಸರಿನ ಪಕ್ಕ ಪಿಸ್ಸಾರೊನ ಶಿಷ್ಯ ಎಂದು ಅಚ್ಚುಮಾಡಿಸಿದ.

ನಾನು ಇಲ್ಲಿ ಹೇಳಿದ ಹಲವು ಸಂಗತಿಗಳ ಮೂಲ, 1883ರಲ್ಲಿ ಲಂಡನ್ನಿಗೆ ಹೋದ ಹಿರಿಮಗ ಲ್ಯೂಸಿಯೆನ್‌ಗೆ ಪಿಸ್ಸಾರೊ ಇಪ್ಪತ್ತು ವರ್ಷ ಬರೆದ ಪತ್ರಗಳು. ಬಣ್ಣ, ಬಾಡಿಗೆ, ಹವಾಮಾನ, ಸಾಲ, ಮಿಲೆ, ಕ್ರೊಪೊಟ್ಕಿನ್ ಎಲ್ಲವೂ ಒಟ್ಟೊಟ್ಟಿಗೆ ಬರುವ ಆ ಪತ್ರಗಳು ಚಿತ್ರ ಕಲಿಯುವ ಯಾವ ಹುಡುಗ ಹುಡುಗಿಗಾದರೂ ಒಬ್ಬ ಮೇಷ್ಟರ ಪಾಠದಷ್ಟು ಬೆಲೆಯವು. ಅವು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಓದಲು ಸಿಗಬೇಕು. ಫ್ರೆಂಚ್ ಬಲ್ಲ ಕನ್ನಡಿಗರು ಈಗ ಬೇಕಾದಷ್ಟು ಇದ್ದಾರೆ. ಅವರಲ್ಲಿ ಯಾರಾದರೂ ಈ ಕೆಲಸ ಕೈಗೆತ್ತಿಕೊಂಡರೆ, ಅಚ್ಚಿನ ಖರ್ಚಿಗೆ ಈ ಉಪನ್ಯಾಸವನ್ನು ನಡೆಸುತ್ತಿರುವಂಥ ದತ್ತಿಗಳು ನೆರವಾಗಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.